ಕಲಬುರಗಿಯಲ್ಲಿ ಪಾರ್ಟಿ ಯಾರದ್ದು?

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸರಿಯಾಗಿ ಹುಟ್ಟುವ ಮೊದಲೇ ನಿಜಾಮ್ ಸರ್ಕಾರ ಅದನ್ನು ನಿಷೇಧಿಸಿತು. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ ನಿಜಾಮನ ಕೈಯಲ್ಲೇ ಇದ್ದವು. ಸತ್ಯಾಗ್ರಹಕ್ಕೆ ಇಳಿದವರು ಜೈಲು ಸೇರಿದರು. ನಿಷೇಧ ತೆರವಾಗಲು 1946 ಬರಬೇಕಾಯಿತು. ಪಾರ್ಟಿ ಸೇರುವುದು ಅಂದು ಸುಮ್ನೆ ಆಗುವ ಮಾತಾಗಿರಲಿಲ್ಲ.

1952ರ ಮೊದಲ ಲೋಕಸಭೆ ಚುನಾವಣೆಯಲ್ಲಿ ಆ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಕಾಂಗ್ರೆಸ್ಸಿನಿಂದ ಇಲ್ಲೇ ಗೆದ್ದರು. ಜೈಲಿಗೆ ಹೋಗಿ ಬಂದವರ ಪಕ್ಷ. ನಂಬಲು ಬೇರೆ ಕಾರಣ ಬೇಕಿತ್ತಾ?

ಆ ನಂಬಿಕೆ ಎಷ್ಟು ಗಟ್ಟಿಯಿತ್ತು ಅನ್ನೋದಕ್ಕೆ 1980ರ ಕಥೆ ಕೇಳಿ. ಕೇರಳದ ಕಾಂಗ್ರೆಸ್ ನಾಯಕ ಸಿ.ಎಂ. ಸ್ಟೀಫನ್ ದೆಹಲಿಯಲ್ಲಿ ವಾಜಪೇಯಿ ಎದುರು ಸೋತರು. ಅವರಿಗೊಂದು ಸೀಟು ಬೇಕಿತ್ತು. ಆಗಷ್ಟೇ ಗುಲ್ಬರ್ಗದಿಂದ (ಕಲಬುರಗಿಯ ಹಳೆಯ ಹೆಸರು) ಲೋಕಸಭೆಗೆ ಗೆದ್ದಿದ್ದ ಧರಂ ಸಿಂಗ್ ರಾಜೀನಾಮೆ ಕೊಟ್ಟರು. ಉಪಚುನಾವಣೆಯಲ್ಲಿ ಜನ ಸ್ಟೀಫನ್ ಅವರನ್ನೂ ಗೆಲ್ಲಿಸಿ ಕಳಿಸಿದರು! ಪಕ್ಷ ಹೇಳಿತು, ನಾವು ಮುದ್ರೆ ಒತ್ತಿದೆವು. ಆದರೆ ಈ ಸೀಟು ಯಾರಿಗೆ ಅನ್ನುವುದು ದೆಹಲಿಯ ಲೆಕ್ಕ ಎಂಬುದೂ ಆಗಲೇ ಗೊತ್ತಾಯಿತು ಅನಿಸುತ್ತದೆ ನನಗೆ.

ಆಮೇಲೆ ನಂಬಿಕೆ ಪಕ್ಷದಿಂದ ಮನುಷ್ಯರ ಕಡೆ ಸರಿಯಿತು. ವಿಧಾನಸಭೆಗೆ ಜೇವರ್ಗಿ ಅಂದರೆ ಧರಂ ಸಿಂಗ್. ಗುರುಮಠಕಲ್ ಅಂದರೆ 1972ರಿಂದ ಮಲ್ಲಿಕಾರ್ಜುನ ಖರ್ಗೆ. ಕೆಲಸ ಬೇಕಾದವರು ಪಾರ್ಟಿ ಆಫೀಸಿಗೆ ಹೋಗುತ್ತಿರಲಿಲ್ಲ, ಸಾಹೇಬರ ಮನೆಗೆ ಹೋಗುತ್ತಿದ್ದರು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದಿದ್ದರು. 2012ರಲ್ಲಿ ಸಂಸತ್ತು ಅದನ್ನು ಒಪ್ಪಿದಾಗ ಹೆಸರು ಜಾಸ್ತಿ ಬಂದದ್ದು ಖರ್ಗೆಯವರಿಗೇ.

ಅಂಥ 'ಸೋಲಿಲ್ಲದ ಸರದಾರ' ಖರ್ಗೆ 2019ರ ಲೋಕಸಭೆ ಚುನಾವಣೆಯಲ್ಲಿ ಇಲ್ಲೇ 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಸೋಲಿಸಿದ್ದು ಉಮೇಶ್ ಜಾಧವ್. ಕೆಲವೇ ವಾರಗಳ ಹಿಂದೆ ಅವರು ಚಿಂಚೋಳಿಯ ಕಾಂಗ್ರೆಸ್ ಶಾಸಕ! ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದ್ದರು. ತೆರವಾದ ಚಿಂಚೋಳಿಯಲ್ಲಿ ಬಿಜೆಪಿಯಿಂದಲೇ ಅವರ ಮಗ ಗೆದ್ದರು. ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದ ಇದೆ. ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬರುವವರನ್ನು ಅದು ತಡೆಯುವುದಿಲ್ಲ.

ಇನ್ನು ಸದಸ್ಯತ್ವ. ಕಾಂಗ್ರೆಸ್ಸಿನ ನಾಲ್ಕಾಣೆ ರಸೀದಿಯ ಕಾಲ ಹೋಗಿ, ಒಂದು ಮಿಸ್ಡ್ ಕಾಲ್ ಕೊಟ್ಟರೆ ಬಿಜೆಪಿ ಸದಸ್ಯರಾಗುವ ಕಾಲ ಬಂತು. ಸೇರೋದೇನೋ ಸುಲಭ. ಸೇರಿ ಮಾಡೋದೇನು? ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಚಿಹ್ನೆ ಇರುವ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ. ಆ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಹೊಸ ಚುನಾವಣೆ ಆಗಲಿಲ್ಲ. ಆ ವರ್ಷಗಳಲ್ಲಿ ಜೇವರ್ಗಿಯ ಹಳ್ಳಿಯಲ್ಲಿ ಬಾವುಟ ಕಟ್ಟುವ ಹುಡುಗ ಟಿಕೆಟ್ ಕೇಳಬೇಕೆಂದರೆ ನೇರ ವಿಧಾನಸಭೆಗೇ ಕೇಳಬೇಕಿತ್ತು. ಅಲ್ಲಿ ಅವನ ಹೆಸರು ಯಾರಿಗೆ ಗೊತ್ತಿತ್ತು?