ಅಪ್ಪ ಬಿಟ್ಟುಹೋದ ಷೇರು ಮಾರಿದರೆ ತಪ್ಪೇ?

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ದೊಡ್ಡ ಆಸ್ತಿ ನನ್ನ ಪಾಲಿಗೆ ಬಂದಿದೆ. ಮುಕ್ಕಾಲು ಪಾಲು ಒಂದೇ ಕಂಪನಿಯ ಷೇರು. ಅಪ್ಪ ಇಟ್ಟದ್ದನ್ನು ಹಾಗೇ ಇಡಬೇಕು ಎನ್ನುತ್ತಾರೆ ಮನೆಯವರು. ಏನು ಮಾಡಲಿ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮೊತ್ತ ಬೇರೆಯಾಗುತ್ತದೆ, ‘ಹಾಗೇ ಇಡಬೇಕು’ ಎಂಬ ಮಾತು ಮಾತ್ರ ಬದಲಾಗುವುದಿಲ್ಲ.

ಮೊದಲ ಕೆಲಸಗಳು ನಿಮಗೂ ಗೊತ್ತು. ತಂದೆಯ ಸಾಲ, ತೆರಿಗೆ ಬಾಕಿ ನೋಡಿ. ಎಲ್ಲವೂ ನಿಮ್ಮ ಹೆಸರಿಗೆ ವರ್ಗವಾಗಲಿ. ನಿಮ್ಮದೇ ದುಬಾರಿ ಬಡ್ಡಿಯ ಸಾಲವಿದ್ದರೆ ತೀರಿಸಿ. ನಗದು ಕೆಲವು ತಿಂಗಳು ಬ್ಯಾಂಕಿನಲ್ಲೇ ಇರಲಿ. ದುಃಖ ಹಸಿಯಾಗಿರುವಾಗ ಯಾರು ಏನು ತಂದರೂ ಸಹಿ ಹಾಕಬೇಡಿ.

ಇನ್ನು ‘ಹಾಗೇ ಇಡುವ’ ವಿಚಾರ. 1988ರಲ್ಲಿ ವಿಲಿಯಂ ಸ್ಯಾಮುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ ಹೆಚ್ಚುಕಡಿಮೆ ನಿಮ್ಮದೇ ಪ್ರಶ್ನೆ ಇತ್ತು. ಹಿರಿಯರೊಬ್ಬರಿಂದ ದೊಡ್ಡ ಮೊತ್ತ ಬಂದಿದೆ, ಎಲ್ಲಿ ಹೂಡುತ್ತೀರಿ? ಕೆಲವರಿಗೆ ಅದು ಕೇವಲ ಹಣ. ಇನ್ನು ಕೆಲವರಿಗೆ, ಅದರ ದೊಡ್ಡ ಭಾಗ ಆಗಲೇ ಒಂದು ಕಡೆ ಹೂಡಿಕೆಯಾಗಿದೆ ಎಂದು ಹೇಳಲಾಗಿತ್ತು. ಬದಲಾಯಿಸಿದರೆ ಆಗುವ ಖರ್ಚು ನಗಣ್ಯ ಎಂದೂ ತಿಳಿಸಿದ್ದರು. ಆದರೂ ಯಾವುದು ಮೊದಲೇ ಇತ್ತೋ ಅದರತ್ತಲೇ ಜನ ಹೆಚ್ಚು ವಾಲಿದರು. ಅದು ಒಳ್ಳೆಯದೆಂದಲ್ಲ, ಇತ್ತು ಎಂದು.

ಇಟ್ಟುಕೊಳ್ಳುವುದೂ ಒಂದು ತೀರ್ಮಾನವೇ. ಇವತ್ತು ಇಟ್ಟುಕೊಂಡಿರಿ ಎಂದರೆ ಇವತ್ತಿನ ಬೆಲೆಗೆ ಕೊಂಡಂತೆಯೇ. ಅಷ್ಟೂ ಹಣ ನಗದಾಗಿ ಕೈಯಲ್ಲಿದ್ದರೆ, ಮುಕ್ಕಾಲು ಪಾಲು ಸುರಿದು ಇದೇ ಷೇರು ಕೊಳ್ಳುತ್ತಿದ್ದಿರಾ? ಇಲ್ಲವಾದರೆ ಉತ್ತರ ಸಿಕ್ಕಿತು. ನಿಮ್ಮ ತಂದೆ ಅದನ್ನು ಕೊಂಡದ್ದು ತಮ್ಮ ವಯಸ್ಸು, ತಮ್ಮ ಸಂಪಾದನೆ, ಆಗಿನ ಬೆಲೆ ನೋಡಿ. ಅವರ ಕನ್ನಡಕ ನಿಮ್ಮ ಕಣ್ಣಿಗೆ ಹೊಂದಬೇಕೆಂದಿಲ್ಲ.

‘ತುಂಬಾ ಹಳೆಯ ಕಂಪನಿ, ಮುಳುಗುವುದಿಲ್ಲ’ ಎನ್ನುವವರಿದ್ದಾರೆ. ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಶುರುವಾದದ್ದು 1850ರಲ್ಲಿ. 158 ವರ್ಷ ಬದುಕಿ 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿತು. ಲೆಕ್ಕ ನೋಡಿ: ನೂರರಲ್ಲಿ 75 ಒಂದೇ ಷೇರಿನಲ್ಲಿದ್ದು ಅದು ಶೇ. 80 ಕುಸಿದರೆ, ಉಳಿದದ್ದು ಅಲುಗದಿದ್ದರೂ ಕೈಯಲ್ಲಿರುವುದು 40. ಅದೇ ಷೇರಿನಲ್ಲಿ 10 ಮಾತ್ರ ಇದ್ದಿದ್ದರೆ 92. ಈ ಎರಡು ಸಂಖ್ಯೆಗಳನ್ನು ಮನೆಯವರಿಗೂ ತೋರಿಸಿ.

ಮಾರುವ ಮುನ್ನ ತೆರಿಗೆ ಬಲ್ಲವರನ್ನು ಕೇಳಿ. ಲಾಭವನ್ನು ತಂದೆ ಕೊಂಡ ಬೆಲೆಯಿಂದ ಎಣಿಸುತ್ತಾರೋ, ಅವರು ತೀರಿಕೊಂಡ ದಿನದ ಬೆಲೆಯಿಂದಲೋ ಎಂಬುದು ದೇಶದಿಂದ ದೇಶಕ್ಕೆ ಬೇರೆ. ನೆನಪಿಗೆ ಒಂದಿಷ್ಟು ಷೇರು ಉಳಿಸಿಕೊಂಡರೆ ನನ್ನ ತಕರಾರಿಲ್ಲ.

ನೀವು ಕೇಳದ ಒಂದು ಮಾತು. ಈಗ ಆಸ್ತಿ ನಿಮ್ಮದು. ನಿಮ್ಮ ಉಯಿಲು ಎಲ್ಲಿ? ನನಗೆ ಬರೆಯುವವರಲ್ಲಿ ಅನೇಕರು ಅಪ್ಪನ ಉಯಿಲು ಹುಡುಕಿ ಸುಸ್ತಾದವರು, ತಮ್ಮದನ್ನು ಮಾತ್ರ ಬರೆದಿರುವುದಿಲ್ಲ. ಬರೆಯುವಾಗ ಜೊತೆಗೊಂದು ಪತ್ರವೂ ಇರಲಿ: ಯಾವುದನ್ನು ಏಕೆ ಕೊಂಡಿರಿ, ಎಲ್ಲೆಲ್ಲಿ ಏನಿದೆ. ಕೊನೆಗೆ ಒಂದು ಸಾಲು: ‘ಮಾರಬೇಕೆನಿಸಿದರೆ ಮಾರು, ನನಗೆ ಬೇಸರವಿಲ್ಲ.’ ನಿಮ್ಮ ತಂದೆ ಆ ಒಂದು ಸಾಲು ಬರೆದಿಟ್ಟಿದ್ದರೆ ನೀವು ನನಗೆ ಬರೆಯುತ್ತಿರಲಿಲ್ಲ.