ಹಾರ್ನಿಗೆ ಕರೆಂಟ್ ಬರುತ್ತಿದೆ, ಸರಿ. ಮುಂದೆ?

"ಕರೆಂಟ್ ಬರುತ್ತಿದೆ, ಆದರೂ ಕೂಗುತ್ತಿಲ್ಲ. ಹಾರ್ನೇ ಹೋಗಿದೆ." ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಾದ ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್‌ಗಳನ್ನು ಪ್ರೀತಿಯಿಂದ ಸಾಕುವವರು ನನ್ನ ಬಳಿ ಬಂದು ಹೇಳುವುದು ಇದನ್ನೇ. ಅಷ್ಟರಲ್ಲಿ ಹೊಸ ಹಾರ್ನ್ ಕೊಂಡೂ ಆಗಿರುತ್ತದೆ.

ಕರೆಂಟ್ ಬರದೇ ಏನು ಸ್ವಾಮಿ, ಕೀಲಿ ತೆಗೆದರೂ ಅಲ್ಲಿ ಇದ್ದೇ ಇರುತ್ತದೆ! ಈ ಕಾರುಗಳಲ್ಲಿ ಸಾಮಾನ್ಯವಾಗಿ ನೇರಳೆ ವೈರು ಫ್ಯೂಸ್ ದಾಟಿ ನೇರವಾಗಿ ಹಾರ್ನಿಗೆ ಬರುತ್ತದೆ. ಸ್ಟೀರಿಂಗಿನ ಗುಂಡಿ ಕರೆಂಟನ್ನು ಕಳುಹಿಸುವುದಿಲ್ಲ. ಹಾರ್ನಿನಿಂದ ಹೊರಟ ನೇರಳೆ-ಕಪ್ಪು ವೈರನ್ನು ಅರ್ತ್‌ಗೆ ಸೇರಿಸುತ್ತದೆ, ಅಷ್ಟೆ. ಅರ್ತ್ ಎಂದರೆ ಬ್ಯಾಟರಿಯ ಒಂದು ತುದಿಗೆ ಜೋಡಿಸಿರುವ ಕಾರಿನ ಬಾಡಿ. ಗುಂಡಿ ಇರುವುದು ಅರ್ತ್ ಕಡೆಗೆ. ಮತ್ತೊಮ್ಮೆ ಓದಿಕೊಳ್ಳಿ: ಅರ್ತ್ ಕಡೆಗೆ. ಹಾಗಾಗಿ ಗುಂಡಿ ಒತ್ತದಿರುವಾಗ ಹಾರ್ನಿನ ಎರಡೂ ಟರ್ಮಿನಲ್‌ಗಳಲ್ಲಿ ಟೆಸ್ಟ್ ಲ್ಯಾಂಪ್ (ಒಂದು ತುದಿಯನ್ನು ಬಾಡಿಗೆ ಸಿಕ್ಕಿಸಿ, ಇನ್ನೊಂದರಿಂದ ಕರೆಂಟ್ ಇದೆಯೇ ಎಂದು ನೋಡುವ ಪುಟ್ಟ ದೀಪ) ಉರಿಯುವುದೇ ಸರಿ. ನೇರಳೆ-ಕಪ್ಪು ವೈರಿನ ಟರ್ಮಿನಲ್ಲನ್ನು ಒಂದು ತುಂಡು ವೈರಿನಿಂದ ಬಣ್ಣ ಕೆರೆದ ಬಾಡಿಗೆ ಮುಟ್ಟಿಸಿ. ಕೂಗಿತೇ? ಹಾಗಾದರೆ ಹಾರ್ನ್ ಚೆನ್ನಾಗಿದೆ. ದೋಷ ಆಚೆ, ಗುಂಡಿಯಲ್ಲಿ ಅಥವಾ ಸ್ಟೀರಿಂಗ್ ಕಂಬದಲ್ಲಿ ಇದೆ. ಸ್ಪಿಟ್‌ಫೈರ್‌ನ ಕಂಬದ ನಡುವೆ ರಬ್ಬರ್ ಜೋಡಣೆಯಿದೆ. ರಬ್ಬರಿನಲ್ಲಿ ಕರೆಂಟ್ ಹರಿಯದು, ಅದನ್ನು ದಾಟಿಸಲು ಒಂದು ಚಿಕ್ಕ ಅರ್ತ್ ಪಟ್ಟಿ ಬೇಕು. ಸ್ಟೀರಿಂಗ್ ರಿಪೇರಿ ಮಾಡಿದವರು ಅದನ್ನು ಮರಳಿ ಹಾಕಲು ಮರೆಯುವುದು ಮಾಮೂಲು.

ಇನ್ನು ಕೊಂಡು ತಂದ ಹಾರ್ನಿನ ಕಥೆ. ಒಬ್ಬರು ಒಂದೇ ಟರ್ಮಿನಲ್ಲಿನ ಹಾರ್ನ್ ಕೂರಿಸಿ, ನೇರಳೆ ವೈರು ಸಿಕ್ಕಿಸಿದರು. ಅಂಥ ಹಾರ್ನಿಗೆ ಬ್ರಾಕೆಟ್ಟೇ ಅರ್ತ್. ಒಂದೇ ಸಮನೆ ಕಿರುಚತೊಡಗಿತು. ನಾನು ಹೋಗುವಷ್ಟರಲ್ಲಿ ಸ್ಟೀರಿಂಗಿನ ಗುಂಡಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರು, ಪಾಪ. ಇಂಥ ಹಾರ್ನ್ ಬೇಕೇ ಬೇಕೆಂದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿ. ಅದರ ಟರ್ಮಿನಲ್ ಸಂಖ್ಯೆಗಳಂತೆ: 86ಕ್ಕೆ ನೇರಳೆ, 85ಕ್ಕೆ ನೇರಳೆ-ಕಪ್ಪು, 30ಕ್ಕೆ ಬೇರೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಹಾರ್ನ್. ಕಂಪ್ರೆಸರ್ ಇರುವ ಏರ್ ಹಾರ್ನಿಗಂತೂ ರಿಲೇ ಕಡ್ಡಾಯ. 1967ಕ್ಕಿಂತ ಹಿಂದಿನ ಎಂಜಿಬಿಗಳು ಪಾಸಿಟಿವ್ ಅರ್ತ್‌ನವು. ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಮೂಲ ಹಾರ್ನಿಗೆ ಅದರ ಪರಿವೆಯಿಲ್ಲ, ಆದರೆ ಕಂಪ್ರೆಸರಿನ ಮೋಟಾರು ಉಲ್ಟಾ ತಿರುಗಬಹುದು. ವೈರಿನ ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಇಷ್ಟು ವರ್ಷಗಳಲ್ಲಿ ಎಷ್ಟು ಕೈ ಆಡಿದೆಯೋ! ನಿಮ್ಮ ಕಾರಿನ ವರ್ಷದ ವೈರಿಂಗ್ ನಕ್ಷೆಯನ್ನೇ ನೋಡಿ.

ಕೂರಿಸುವ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಹಾರ್ನಿನ ಅಂಚು ಬಾಡಿಗೆ ತಾಗಬಾರದು, ಬಾಯಿ ತುಸು ಕೆಳಮುಖವಾಗಿದ್ದರೆ ನೀರು ನಿಲ್ಲದು. ಕೆಲವು ಹಾರ್ನುಗಳ ಜೊತೆ ತೆಳು ಸ್ಪ್ರಿಂಗ್ ಪಟ್ಟಿಗಳ ಬ್ರಾಕೆಟ್ ಬರುತ್ತದೆ. ಅದು ಅಲುಗಾಡುತ್ತದೆಂದು ಎಸೆದು ದಪ್ಪ ಕಬ್ಬಿಣದ ಪಟ್ಟಿ ಬಿಗಿಯುತ್ತಾರೆ, ಆಮೇಲೆ ದನಿ ಕೆಟ್ಟಿತೆಂದು ಹಾರ್ನಿನ ತಿರುಪನ್ನು ಸುತ್ತು ಸುತ್ತು ತಿರುಗಿಸುತ್ತಾರೆ. ಆ ತಿರುಪು ಒಳಗೆ ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟಿನದು. ಒಂದು ಬಾರಿಗೆ ಕಾಲು ಸುತ್ತಿಗಿಂತ ಕಡಿಮೆ ಸಾಕು, ಅದೂ ಬ್ರಾಕೆಟ್ ಸರಿಪಡಿಸಿದ ಮೇಲೆ.