ಮೀಟರಿಗೆ ಗೊತ್ತಿರುವುದು ಸಂಪಿನವರೆಗೆ ಮಾತ್ರ

ನೀರಿನ ಬಿಲ್ ಬಂದರೆ ಬಹಳಷ್ಟು ಜನ ಕೆಳಗಿನ ಮೊತ್ತ ನೋಡಿ, ಕಟ್ಟಿ, ಮರೆತುಬಿಡುತ್ತಾರೆ. ಕರೆಂಟ್ ಬಿಲ್ಲಿನ ಮುಂದೆ ಅದು ಚಿಕ್ಕದು, ಅಲ್ವಾ? ಆದರೆ ಅದೇ ಕಾಗದದಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎಂದು ಎರಡು ಅಂಕಿಗಳಿರುತ್ತವೆ. ಈಗಿನದರಲ್ಲಿ ಹಿಂದಿನದನ್ನು ಕಳೆದರೆ ಆ ತಿಂಗಳು ಲೈನಿನಿಂದ ನಿಮ್ಮ ಮನೆಗೆ ಎಷ್ಟು ನೀರು ಬಂತು ಎಂದು ತಿಳಿಯುತ್ತದೆ.

ಬೆಂಗಳೂರನ್ನೇ ನೋಡೋಣ. ಜಲಮಂಡಳಿಯ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2014ರಿಂದ 2025ರವರೆಗೆ ಮನೆಗಳಿಗೆ ಮೊದಲ 8,000 ಲೀಟರ್‌ವರೆಗೆ, ಸಾವಿರ ಲೀಟರಿಗೆ 7 ರೂಪಾಯಿ ಇತ್ತು. ಅಲ್ಲಿಂದ 25,000ದವರೆಗೆ 11, ಮುಂದೆ 50,000ದವರೆಗೆ 26, ಅದಕ್ಕೂ ಮೇಲೆ 45. 2025ರ ಏಪ್ರಿಲ್‌ನಲ್ಲಿ ದರ ಏರಿತು, ಮೆಟ್ಟಿಲು ಉಳಿಯಿತು. ಹಳೆಯ ದರದಲ್ಲೇ ಲೆಕ್ಕ ಹಾಕಿ. 25,000 ಲೀಟರಿಗೆ 243 ರೂಪಾಯಿ. ಅದರ ಮೇಲೆ ಬರೀ 5,000 ಲೀಟರ್ ಜಾಸ್ತಿಯಾದರೆ ಅಷ್ಟಕ್ಕೇ 130. ಬಿಲ್ ದಿಢೀರನೆ ಏರಿತು ಅನ್ನುವವರು ಹೆಚ್ಚಾಗಿ ಒಂದು ಮೆಟ್ಟಿಲು ದಾಟಿರುತ್ತಾರೆ. ಒಳಚರಂಡಿ ಶುಲ್ಕ, ಮೀಟರ್ ಶುಲ್ಕ ಇದರ ಹೊರಗೆ.

ಸಾವಿರ ಲೀಟರಿಗೆ ಆಗಿನ 7 ರೂಪಾಯಿ ಎಂದರೆ ಎಷ್ಟು ಅಗ್ಗ ಎಂದು ಬಿಲ್ ಹೇಳುತ್ತಿರಲಿಲ್ಲ. ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಅದನ್ನು ಹೆಚ್ಚುಕಡಿಮೆ 500 ಮೀಟರ್ ಮೇಲೆತ್ತುತ್ತಾರೆ. 1,000 ಲೀಟರ್ ನೀರು ಒಂದು ಟನ್ ತೂಗುತ್ತದೆ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನಲ್ಲಿ ಏನೂ ನಷ್ಟವಾಗದಿದ್ದರೂ, 1.36 ಯೂನಿಟ್ ಕರೆಂಟ್ ಬೇಕು. ನಷ್ಟ ಸೇರಿಸಿದರೆ 2 ಯೂನಿಟ್‌ ಹತ್ತಿರ ಬರುತ್ತದೆ. ಆ 7 ರೂಪಾಯಿ ನೀರು ಎತ್ತುವ ಕರೆಂಟಿಗೇ ಸಾಲದು. 2024ರ ಬೇಸಿಗೆ ನೆನಪಿದೆಯಲ್ಲ? ಟ್ಯಾಂಕರ್‌ಗಳಿಗೆ ಜಿಲ್ಲಾಡಳಿತ ಆಗ ನಿಗದಿ ಮಾಡಿದ ದರವೇ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅಷ್ಟೇ ನೀರು ನಲ್ಲಿಯಲ್ಲಿ ಬಂದಿದ್ದರೆ 100 ರೂಪಾಯಿ.

ಈಗ ಮೀಟರ್ ಹತ್ತಿರ ಹೋಗೋಣ. ಗಾಜಿನೊಳಗಿನ ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ ಸಾವಿರ ಲೀಟರಿನ ಲೆಕ್ಕ. ಕೆಂಪಿನವು ಅದಕ್ಕಿಂತ ಚಿಕ್ಕ ಅಳತೆ. ಒಳಗಿರುವುದು ನೀರಿನ ರಭಸಕ್ಕೆ ತಿರುಗುವ ಒಂದು ಚಕ್ರ, ಅಷ್ಟೇ. ನೀರು ತೀರಾ ಸಣ್ಣಗೆ ಹರಿದರೆ ಚಕ್ರ ಸರಿಯಾಗಿ ತಿರುಗುವುದಿಲ್ಲ. ಮನೆಗೆ ಹಾಕುವ ಅರ್ಧ ಇಂಚಿನ ಸಾಮಾನ್ಯ ಬಿ ಕ್ಲಾಸ್ ಮೀಟರು ಗಂಟೆಗೆ 30 ಲೀಟರಿಗಿಂತ ಕಡಿಮೆ ಹರಿವನ್ನು ಸರಿಯಾಗಿ ಅಳೆಯುತ್ತದೆ ಎನ್ನುವ ಖಾತ್ರಿ ಇಲ್ಲ.

ಸೋರಿಕೆ ಹಿಡಿಯಲು ಎಲ್ಲೆಡೆ ಹೇಳುವ ಉಪಾಯವೊಂದಿದೆ: ಎಲ್ಲ ನಲ್ಲಿ ಮುಚ್ಚಿ, ಮೀಟರ್ ತಿರುಗುತ್ತಿದೆಯಾ ನೋಡಿ. ದಿನವಿಡೀ ಲೈನಿನಲ್ಲಿ ನೀರಿರುವ ಊರುಗಳಿಗೆ ಅದು ಸರಿ. ನಮ್ಮಲ್ಲಿ ನೀರು ಎರಡು ಮೂರು ದಿನಕ್ಕೊಮ್ಮೆ ಬರುತ್ತದೆ, ಸಂಪಿಗೆ ಬೀಳುತ್ತದೆ, ಆಮೇಲೆ ಮೋಟರ್ ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಮೀಟರ್ ಇರುವುದು ಸಂಪಿಗಿಂತ ಮುಂಚೆ. ಬಚ್ಚಲಲ್ಲಿ ಫ್ಲಶ್ ಟ್ಯಾಂಕ್ ರಾತ್ರಿಯಿಡೀ ಸೋರಿದರೂ ಮೀಟರ್ ಅಲ್ಲಾಡುವುದಿಲ್ಲ. ಮುಂದಿನ ಸಲ ನೀರು ಬಿಟ್ಟಾಗ ಅದೆಲ್ಲ ಒಟ್ಟಿಗೆ ಲೆಕ್ಕಕ್ಕೆ ಬರುತ್ತದೆ. ಬೋರ್ ನೀರು ಬಳಸುವ ಮನೆಗಳ ಕಥೆ ಇನ್ನೂ ಬೇರೆ. ಬಿಲ್ ಪುಟ್ಟದು, ಬಳಕೆ ಎಷ್ಟೋ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಅಳೆಯಬೇಕಾದದ್ದು ಮಾಳಿಗೆಯ ಮೇಲಿನ ಟ್ಯಾಂಕನ್ನು. ದುಂಡಗಿನ ಟ್ಯಾಂಕಿನ ಅಗಲ ಅಳೆದು ಅರ್ಧ ಮಾಡಿ. ಆ ಅರ್ಧವನ್ನು ಮೀಟರ್ ಅಳತೆಯಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 31.4ರಿಂದ ಗುಣಿಸಿ. ಒಂದು ಸೆಂಟಿಮೀಟರ್ ಎತ್ತರದಲ್ಲಿ ಎಷ್ಟು ಲೀಟರ್ ಎಂದು ಸಿಗುತ್ತದೆ. 1.1 ಮೀಟರ್ ಅಗಲದ ಟ್ಯಾಂಕಾದರೆ ಸುಮಾರು 9.5 ಲೀಟರ್. ಬೆಳಿಗ್ಗೆ ಟ್ಯಾಂಕ್ ತುಂಬಿಸಿ, ಕೋಲು ಇಳಿಬಿಟ್ಟು ಗುರುತು ಮಾಡಿ, ಮೋಟರ್ ಹಾಕದೆ ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. 50 ಸೆಂಟಿಮೀಟರ್ ಇಳಿದಿದ್ದರೆ 475 ಲೀಟರ್. ನಾಲ್ಕು ಜನರ ಮನೆಗೆ ತಲೆಗೆ 119 ಲೀಟರ್ ಆಯಿತು. ಒಳಚರಂಡಿ ಇರುವ ಊರುಗಳಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ದಿನಕ್ಕೆ ತಲೆಗೆ 135 ಲೀಟರ್.

ರಾತ್ರಿಯ ಅಳತೆ ಇನ್ನೂ ಉಪಯುಕ್ತ ಎಂದು ನನಗನಿಸುತ್ತದೆ. ಎಲ್ಲರೂ ಮಲಗುವಾಗ ಒಮ್ಮೆ, ಎದ್ದ ಕೂಡಲೇ ಒಮ್ಮೆ, ಟ್ಯಾಂಕು ಮತ್ತು ಸಂಪು ಎರಡನ್ನೂ ಅಳೆಯಿರಿ. ಲೈನಿನಲ್ಲಿ ನೀರು ಬರದ ರಾತ್ರಿಯೇ ಆಗಬೇಕು. ಮೇಲಿನ ಟ್ಯಾಂಕ್ ಇಳಿದಿದ್ದರೆ ತಪ್ಪು ಫ್ಲಶ್, ನಲ್ಲಿ, ಪೈಪುಗಳಲ್ಲಿ. ಸಂಪು ಇಳಿದಿದ್ದರೆ ಅದರ ಗೋಡೆಯಲ್ಲೋ ತಳದಲ್ಲೋ ಬಿರುಕಿದೆ. 2 ಮೀಟರ್ ಉದ್ದ, 1.5 ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 30 ಲೀಟರ್. ಕಣ್ಣಿಗೆ ಕಾಣದಷ್ಟು ಇಳಿತ, ದಿನಕ್ಕೆ ಅಷ್ಟೇ ಸೋರಿದರೂ ತಿಂಗಳಿಗೆ 900 ಲೀಟರ್. ಅಳೆಯುವುದನ್ನೆಲ್ಲ ಮೇಲಿನಿಂದಲೇ ಮಾಡಿ. ಸಂಪಿನೊಳಗೆ ಇಳಿಯಬೇಡಿ, ಮಕ್ಕಳಿದ್ದರೆ ಮುಚ್ಚಳ ಒಂದು ನಿಮಿಷವೂ ತೆರೆದಿರಬಾರದು.

ಉಳಿದದ್ದಕ್ಕೆ ಬಕೆಟ್ ಮತ್ತು ಗಡಿಯಾರ ಸಾಕು. ದಾರದಷ್ಟು ಸಣ್ಣ ಸೋರಿಕೆಯ ಕೆಳಗೆ ಒಂದು ಲೀಟರ್ ಬಾಟಲಿ ಇಡಿ. ಐದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 288 ಲೀಟರ್ ಹೋಗುತ್ತಿದೆ, ಎರಡು ಮೂರು ಜನ ಇಡೀ ದಿನ ಬಳಸಬಹುದಾದ ನೀರು. ಷವರ್ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಬಿಟ್ಟು ನೋಡಿ. ಆರ್‌ಒ ಯಂತ್ರದ ಹೊರಗೆ ಹೋಗುವ ನೀರನ್ನು ಒಂದು ದಿನ ಹಿಡಿದಿಡಿ, ಕುಡಿಯುವ ನೀರಿಗಿಂತ ಅದೇ ಜಾಸ್ತಿ ಇರುತ್ತದೆ. ನೆಲ ಒರೆಸಲು ಅದು ಧಾರಾಳವಾಗಿ ಆಗುತ್ತದೆ.

ತಿಂಗಳ ಕೊನೆಗೆ ಟ್ಯಾಂಕಿನ ಲೆಕ್ಕವನ್ನೂ ಬಿಲ್ಲಿನ ಲೆಕ್ಕವನ್ನೂ ಪಕ್ಕಪಕ್ಕ ಇಡಿ. ಬೋರ್ ಇಲ್ಲದ ಮನೆಯಲ್ಲಿ ಟ್ಯಾಂಕು 15,000 ಅಂದು ಬಿಲ್ 18,000 ಅಂದರೆ, ನಡುವಿನ 3,000 ಲೀಟರಿಗೆ ಕಾರಣ ಬೇಕು. ಮೊದಲು ಸಂಪನ್ನು ಅನುಮಾನಿಸಿ, ಆಮೇಲೆ ಸಂಪು ತುಂಬಿದಾಗ ನೀರು ನಿಲ್ಲಿಸುವ ಬಾಲ್ ವಾಲ್ವ್ ಕೆಟ್ಟು ಅದು ತುಂಬಿ ಹರಿಯುತ್ತಿದೆಯಾ ನೋಡಿ. ಎರಡೂ ಸರಿಯಿದ್ದರೆ ಗಾಳಿ ಇರಬಹುದು. ಖಾಲಿ ಪೈಪಿಗೆ ನೀರು ಬಿಟ್ಟಾಗ ಮೊದಲು ಗಾಳಿ ನುಗ್ಗುತ್ತದೆ, ಚಕ್ರ ಅದಕ್ಕೂ ತಿರುಗುತ್ತದೆ. ನೀರು ಬರುವ ದಿನ ಹತ್ತಿರ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. ಆ ದಿನ, ಆ ಹೊತ್ತು, ಮೀಟರಿನ ಎರಡು ರೀಡಿಂಗ್, ಸಂಪು ಎಷ್ಟು ಏರಿತು, ಇಷ್ಟನ್ನು ಬರೆದುಕೊಂಡು ಹೋದರೆ ನೀರಿನ ಕಚೇರಿಯಲ್ಲಿ ಮೀಟರ್ ಪರೀಕ್ಷೆ ಮಾಡಿ ಎಂದು ಕೇಳಲು ಕೈಯಲ್ಲಿ ಲೆಕ್ಕ ಇರುತ್ತದೆ.